ಖಾರ ತೆಗೆದ ಮಾತು

ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಒಂದು ಸಣ್ಣ ಶೆಡ್ಡಿನಲ್ಲಿ ಜೀವರತ್ನಮ್ಮ ಹದಿಮೂರು ವರ್ಷ ತಾಮ್ರದ ತಂತಿ ಸುತ್ತಿದಳು. ಸುತ್ತು ಎಣಿಸುತ್ತಿರುವಾಗ ಸಾಕ್ಷಾತ್ ಮಾಲೀಕನೇ ಬಂದು ಮಾತಾಡಿಸಿದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ನಾನೂರ ಇಪ್ಪತ್ತಕ್ಕೆ ನಿಲ್ಲಬೇಕಾದದ್ದು ನಾನೂರ ಹದಿನೆಂಟಕ್ಕೆ ನಿಂತರೆ ಇಡೀ ಕಾಯಿಲ್ ಬಿಚ್ಚಬೇಕಲ್ಲ! ಸುತ್ತು ಮುಗಿಸಿ, ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು, ಆಮೇಲೆ ತಲೆಯೆತ್ತಿ “ಏನಂದ್ರಿ?” ಎನ್ನುವುದು ಅವಳ ಪದ್ಧತಿ. ಅಷ್ಟು ಹೊತ್ತಿಗೆ ಬೈಯಲು ಬಂದವರ ಸಿಟ್ಟು ಅರ್ಧ ಇಳಿದುಹೋಗಿರುತ್ತಿತ್ತು. ಜನ ಇದನ್ನು ತಾಳ್ಮೆ ಎಂದರು. ಹತ್ತು ಜನ ಹತ್ತು ಸಲ ಹೇಳಿದ ಮೇಲೆ ಅವಳೂ ಹೌದೆಂದು ನಂಬಿದಳು. ಅವಳ ಕಷ್ಟ ಶುರುವಾದದ್ದೇ ಆ ಒಳ್ಳೆಯ ಹೆಸರಿನಿಂದ.

ಅವಳು ಹುಟ್ಟಿದ್ದು ಅಲ್ಲೇ ಮೂರು ಮೈಲಿ ಆಚೆಯ ಒಂದು ಪಾಳ್ಯದಲ್ಲಿ. ತಾತನ ಕಾಲದಲ್ಲಿ ಮಿಷನ್ನಿನವರು ಬಂದು ಹನ್ನೊಂದು ಮನೆಯವರಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಧರ್ಮ ಬದಲಾದರೂ ದ್ರಾಕ್ಷಿ ತೋಟ, ರಾಗಿ ಹೊಲ, ಹೆಸರು ಯಾವುದೂ ಬದಲಾಗಲಿಲ್ಲ. ಅವಳ ಅಣ್ಣ ನಲ್ಲಪ್ಪ ಕ್ರೈಸ್ತನೆಂದು ಹೆಸರು ನೋಡಿ ಯಾರೂ ಹೇಳುವಂತಿರಲಿಲ್ಲ. ಮದುವೆಯಾಗಿ ಬಂದದ್ದು ಮಾತ್ರ ಕಾರ್ಖಾನೆಯವರ ಕಾಲೋನಿಗೆ. ಗಂಡ ಕರುಣಪ್ಪ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಹೀಗೆ ತವರು ಪಾಳ್ಯ, ಗಂಡನ ಮನೆ ಕಾಲೋನಿ, ನಡುವೆ ಜೀವರತ್ನಮ್ಮ.

ಪಾಳ್ಯದವರಿಗೂ ಕಾಲೋನಿಯವರಿಗೂ ಸೇರಿ ಒಂದೇ ದೇವಾಲಯ. ದೇವಾಲಯ ಎಂದರೆ ಗೋಪುರ ಗೀಪುರ ಏನೂ ಇಲ್ಲ, ಎಪ್ಪತ್ತಮೂರನೇ ಇಸವಿಯಲ್ಲಿ ಎಲ್ಲರೂ ಸೇರಿ ಮಣ್ಣು ಹೊತ್ತು ಎಬ್ಬಿಸಿದ ನಾಲ್ಕು ಗೋಡೆ, ಮೇಲೆ ಸಿಮೆಂಟು ಶೀಟು. ಬಾಗಿಲ ಮುಂದೆ ಒಂದು ಹೊಂಗೆ ಮರ. ಎಲ್ಲರೂ ಮೆಟ್ಟು ಬಾಗಿಲಲ್ಲಿ ಬಿಟ್ಟು ಬಂದು ಚಾಪೆಯ ಮೇಲೆ ಕೂರುವುದು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅದಕ್ಕೆ ಬೇಕಾದ ಹುಳಿಯಿಲ್ಲದ ಗೋಧಿ ರೊಟ್ಟಿಯನ್ನು ಸುಟ್ಟು, ಅಣ್ಣನ ತೋಟದ ಕಪ್ಪು ದ್ರಾಕ್ಷಿಯನ್ನು ಕುದಿಸಿ ಸೋಸಿ ರಸ ಮಾಡಿ ತರುವ ಕೆಲಸ ಜೀವರತ್ನಮ್ಮನದು. ಅದರಲ್ಲಿ ಅವಳಿಗೆ ಇದ್ದ ಹೆಮ್ಮೆ ಮಗಳ ಮದುವೆ ಮಾಡಿದಾಗಲೂ ಇರಲಿಲ್ಲ.

ಆ ಸಭೆಗೆ ಒಂದು ಪದ್ಧತಿ ಇತ್ತು. ಬೇರೆ ಕಡೆ ಇದೆಯೋ ಇಲ್ಲವೋ, ಇಲ್ಲಿ ಇತ್ತು. ರೊಟ್ಟಿ ಮುರಿಯುವ ಮುನ್ನ ಅಯ್ಯನವರು, ಅಂದರೆ ಸಭಾಪಾಲಕರು, “ಯಾರಿಗಾದರೂ ಯಾರ ಮೇಲಾದರೂ ಮನಸ್ತಾಪವಿದ್ದರೆ ಎದ್ದು ಹೋಗಿ” ಎಂದು ಹೇಳಿ ಸುಮ್ಮನೆ ನಿಲ್ಲುವರು. ಜಗಳವಾಡಿದವರು ಎದ್ದು ಹೊಂಗೆ ಮರದ ಕೆಳಗೆ ಹೋಗಿ, ಒಬ್ಬರ ಕೈ ಒಬ್ಬರು ಮುಟ್ಟಿ, ಒಳಗೆ ಬರಬೇಕು. ಮಾತು ಬೇಕಿಲ್ಲ, ಕ್ಷಮಾಪಣೆ ಬೇಕಿಲ್ಲ, ಕೈ ಮುಟ್ಟಿದರೆ ಸಾಕು. ಮುಟ್ಟದವರಿಗೆ ರೊಟ್ಟಿಯಿಲ್ಲ. ಒಬ್ಬರು ಹೋಗಿ ಮರದ ಕೆಳಗೆ ನಿಂತರೆ, ಎದುರಾಳಿ ಬರುವವರೆಗೂ ಆರಾಧನೆ ಮುಂದೆ ಸಾಗದು. ಒಮ್ಮೆ ಅತ್ತೆ ಸೊಸೆ ಇಬ್ಬರ ದೆಸೆಯಿಂದ ಮುಕ್ಕಾಲು ಗಂಟೆ ಎಲ್ಲರೂ ಬಾಯಿ ಮುಚ್ಚಿ ಕೂತದ್ದುಂಟು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಬೆಂಚುಗಳು ಬಂದವು. ಕಾಲೋನಿಯ ಸತ್ಯಶೀಲ ಎಂಬವರು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ದೊಡ್ಡ ಮನುಷ್ಯರು. ಹೊರದೇಶದಿಂದ ಮೆಷಿನ್ನು ತುಂಬಿ ಬಂದ ಪೆಟ್ಟಿಗೆಗಳ ಹಲಗೆಯನ್ನು ಕೇಳಿ ತಂದು, ಬಡಗಿ ಕೈಲಿ ಎಂಟು ಬೆಂಚು ಮಾಡಿಸಿದರು. ಕೆಲವು ಬೆಂಚಿನ ಮೇಲೆ ಕಪ್ಪು ಬಣ್ಣದ ಬಾಣದ ಗುರುತು, ಇಂಗ್ಲಿಷ್ ಅಕ್ಷರ ಹಾಗೇ ಉಳಿದಿದ್ದವು. ಬೆಂಚು ಬಂದ ಮೇಲೆ ಬೂಟೂ ಒಳಗೆ ಬಂತು. ಚಾಪೆಯಿಲ್ಲದ ಕಡೆ ಬೂಟು ಬಿಚ್ಚುವುದೇಕೆ ಎಂದು ಕಾಲೋನಿಯವರ ವಾದ. ದೇವರ ಸನ್ನಿಧಿಗೆ ಬೂಟುಗಾಲೇ ಎಂದು ಪಾಳ್ಯದವರ ವಾದ. ದೇವರಿಗೆ ಇದರಲ್ಲಿ ಯಾವ ಅಭಿಪ್ರಾಯವೂ ಇದ್ದಂತೆ ಕಾಣಲಿಲ್ಲ. ಆದರೆ ಆರು ತಿಂಗಳಲ್ಲಿ ಚಾಪೆಯವರು, ಬೆಂಚಿನವರು ಎಂದು ಎರಡು ಜಾತಿಯೇ ಹುಟ್ಟಿಕೊಂಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಭಾನುವಾರ ಹಾಡನ್ನು ಚಾಪೆಯವರು ಒಂದು ರಾಗದಲ್ಲಿ ಎತ್ತಿಕೊಂಡರೆ ಬೆಂಚಿನವರು ಇನ್ನೊಂದರಲ್ಲಿ ಎತ್ತಿಕೊಂಡು ಕಡೆಯವರೆಗೂ ಯಾರೂ ಬಿಟ್ಟುಕೊಡಲಿಲ್ಲ.

ಆಗ ದಯಾಕರ ಅಯ್ಯನವರು ಜೀವರತ್ನಮ್ಮನನ್ನು ತಮ್ಮ ಮನೆಯ ಜಗಲಿಗೆ ಕರೆಸಿದರು. ನಲವತ್ತು ದಾಟಿದ ಮೆದು ಮಾತಿನ ಮನುಷ್ಯ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು ಅವರಿಗೆ ಕರತಲಾಮಲಕ. ಸಭೆ ಒಡೆದರೆ ಮೇಲಿನವರು ಅವರನ್ನು ಎಲ್ಲಿಗೋ ಎತ್ತಿ ಹಾಕುತ್ತಿದ್ದರು. ಅವರ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಇದನ್ನೂ ಅವರು ಮುಚ್ಚಿಡದೆ ಹೇಳಿದರು.

“ಸತ್ಯಶೀಲ ಅವ್ರು ದಾಸರಹಳ್ಳಿಲಿ ಒಂದು ಗ್ಯಾರೇಜ್ ನೋಡಿಟ್ಟಿದ್ದಾರಂತೆ ಅಮ್ಮಾ, ಬೇರೆ ಸಭೆ ಮಾಡೋಕೆ. ನಿಮ್ಮಣ್ಣನೂ ಅವ್ರೂ ಮಾತು ಬಿಟ್ಟಿದ್ದಾರೆ. ಮರದ ಕೆಳಗೆ ಹೋಗೋಕೆ ಇಬ್ರಲ್ಲಿ ಯಾರೂ ಮೊದ್ಲು ಏಳಲ್ಲ. ಇಬ್ಬರ ಮನೆಗೂ ಹೋಗಿ ಬರೋರು ನೀವೊಬ್ರೇ. ಅವ್ರ ಮಾತು ಇವ್ರಿಗೆ, ಇವ್ರ ಮಾತು ಅವ್ರಿಗೆ ನೀವು ಮುಟ್ಟಿಸ್ಬೇಕು.”

“ಅವ್ರಾಡೋ ಮಾತು ಮುಟ್ಟಿಸಿದ್ರೆ ನಾಳೇನೇ ತಲೆ ಒಡ್ಕೋತಾರೆ ಅಯ್ಯನವ್ರೇ.”

“ಇದ್ದ ಹಾಗೇ ಮುಟ್ಟಿಸ್ಬೇಡಿ. ಖಾರ ತೆಗೆದು ಮುಟ್ಟಿಸಿ. ಬುದ್ಧಿಯಿಲ್ಲದ ವಾದದಿಂದ ದೂರ ಇರಿ ಅಂತ ದೇವರ ವಾಕ್ಯದಲ್ಲೇ ಇದೆಯಲ್ಲ. ಒಂದು ಮಾತು ಹೆಚ್ಚು ಕಮ್ಮಿ ಆದ್ರೂ ಸಂಘ ಉಳೀಲಿ. ಹೊಣೆ ನನ್ನದು.”

ಅವಳು ಒಪ್ಪಿದಳು. ಸಂಘ ಒಡೆಯುವುದೆಂದರೆ ಅವಳಿಗೆ ಮಾತಿನ ಮಾತಲ್ಲ. ಒಡೆದರೆ ತವರಿನವರೊಂದು ಕಡೆ, ಗಂಡನ ಕಡೆಯವರೊಂದು ಕಡೆ. ಅವಳ ರೊಟ್ಟಿ ಯಾವ ಕಡೆಗೆ?

ಅಂದಿನಿಂದ ಶುರುವಾಯಿತು ಅವಳ ಅಂಚೆ. ನಲ್ಲಪ್ಪ ತೋಟದ ಬದುವಿನಲ್ಲಿ ನಿಂತು, “ಬೂಟು ಆಕ್ಕಂಡ್ ಒಳೀಕ್ ಬಂದ್ರೆ ಕಾಲು ಮುರ್ದು ಕೈಗ್ ಕೊಡ್ತೀನಿ ಅಂತ ಏಳು ಆ ಸೂಪ್ರವೈಜರ್‌ಗೆ” ಎನ್ನುವನು. ಅದು ಮೂರು ಮೈಲಿ ನಡೆದು ಕಾಲೋನಿ ಮುಟ್ಟುವ ಹೊತ್ತಿಗೆ, “ಮಂಡಿ ನೋವಿರೋರಿಗೆ ಬೆಂಚು ಇರ್ಲಿ ಪಾಪ, ನೆಲ ಮಾತ್ರ ಚೊಕ್ಕಟವಾಗಿದ್ರೆ ಸಾಕು ಅಂದ ನಮ್ಮಣ್ಣ” ಎಂದಾಗುತ್ತಿತ್ತು. ಸತ್ಯಶೀಲರು ಕನ್ನಡಕ ಒರೆಸುತ್ತ, “ಸಗಣಿ ಕಾಲಲ್ಲಿ ಬರೋರು ನಮಗೆ ಭಕ್ತಿ ಹೇಳ್ಕೊಡ್ಬೇಕೇನ್ರೀ?” ಎನ್ನುವರು. ಅದು ಪಾಳ್ಯ ಮುಟ್ಟಿದಾಗ, “ಹಿರೀಕರು ಚಾಪೆ ಮೇಲೆ ಕೂತಿರೋದು ನೋಡಿದ್ರೆ ನಮ್ಮಪ್ಪನ ನೆನಪಾಗುತ್ತೆ ಅಂದ್ರು ಸತ್ಯಶೀಲಣ್ಣ” ಎಂದಿರುತ್ತಿತ್ತು. ನಲ್ಲಪ್ಪ ಮೂಗು ಮುರಿದು, “ಅಂಗಂದ್ನಾ?” ಎಂದು ಮತ್ತೆ ಕೆಲಸಕ್ಕೆ ಬಾಗುವನು.

ಕರುಣಪ್ಪನಿಗೆ ಇದು ಹಿಡಿಸಲಿಲ್ಲ. “ಇಬ್ರೂ ಬಾಯಿರೋ ಗಂಡಸ್ರು. ನಡುವೆ ನೀನ್ಯಾಕೆ ನಾಲಿಗೆ ಬಾಡಿಗೆಗೆ ಕೊಟ್ಟಿದ್ದೀಯ?” ಎಂದ.

“ಒಳ್ಳೇದಕ್ಕೆ ತಾನೇ?”

“ಒಳ್ಳೇದಾದ್ರೆ ಅವ್ರ ಹೆಸ್ರು. ಕೆಟ್ರೆ ನಿನ್ ಹೆಸ್ರು. ನೋಡ್ತಿರು.”

ಆದರೆ ಒಳ್ಳೆಯದಾಗುತ್ತಿತ್ತಲ್ಲ! ಕಣ್ಣೆದುರಿಗೇ ಆಗುತ್ತಿತ್ತು. ಮುಂದೆ ಚಾಪೆ, ಹಿಂದೆ ಬೆಂಚು ಎಂದು ಒಂದು ಏರ್ಪಾಡಾಯಿತು. ಹಾಡು ಮತ್ತೆ ಒಂದೇ ರಾಗಕ್ಕೆ ಬಂತು. ಗ್ಯಾರೇಜಿನ ಸುದ್ದಿ ತಣ್ಣಗಾಯಿತು. ಒಂದು ದಿನ ಸತ್ಯಶೀಲರ ಹೆಂಡತಿ ಪಾಳ್ಯದ ಬಾಣಂತಿಗೆ ಒಂದು ಡಬ್ಬ ಕೊಬ್ಬರಿ ಮಿಠಾಯಿ ಕಳಿಸಿದಳು. ಜೀವರತ್ನಮ್ಮನಿಗೆ ಒಳಗೊಳಗೇ ಹಿಗ್ಗು. ನಿಜ ಹೇಳಬೇಕೆಂದರೆ ಆ ಕೆಲಸದ ರುಚಿಯೂ ಹತ್ತಿತ್ತು. ಯಾರು ಯಾರಿಗೆ ಏನಾಡಿದರು ಎಂಬುದು ಇಡೀ ಸಭೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಅಣ್ಣನ ಒರಟು ಮಾತನ್ನು ಮನಸ್ಸಿನಲ್ಲೇ ತೊಳೆದು, ಹಿಂಡಿ, ಮಡಿಸಿ ಒಯ್ಯುವುದರಲ್ಲಿ ಒಂದು ಕಸುಬಿನ ಸಂತೋಷವಿತ್ತು. ಅಷ್ಟು ತಪ್ಪು ಅವಳದೂ ಇದೆ, ಇಲ್ಲವೆನ್ನುವುದಿಲ್ಲ.

ಎಂಬತ್ತರ ನವೆಂಬರ್‌ನಲ್ಲಿ ಸುಗ್ಗಿ ಹಬ್ಬದ ಆರಾಧನೆ ಬಂತು. ಪಾಳ್ಯದವರು ರಾಗಿ ತೆನೆ, ಕುಂಬಳಕಾಯಿ, ದ್ರಾಕ್ಷಿ ಗೊಂಚಲು ತಂದು ಪೀಠದ ಮುಂದೆ ಇಡುವ ದಿನ. ಪಾಳ್ಯದವರ ಪಾಲಿಗೆ ವರ್ಷಕ್ಕೊಂದೇ ದೊಡ್ಡ ದಿನ. ಹತ್ತು ದಿನ ಮೊದಲು ಸತ್ಯಶೀಲರು ಅವಳನ್ನು ಕರೆದು ಹೇಳಿದರು, “ಹಬ್ಬಕ್ಕೆ ನಮ್ಮ ಫ್ಯಾಕ್ಟರಿ ಸಾಹೇಬ್ರು ಫ್ಯಾಮಿಲಿ ಸಮೇತ ಬರ್ತಿದ್ದಾರೆ. ಎಂಟೂ ಬೆಂಚು ಮುಂದಕ್ಕೆ ಹಾಕ್ತೀವಿ. ಚಾಪೆ ಸುತ್ತಿಡೋಕೆ ಹೇಳಿ ನಿಮ್ಮಣ್ಣಂಗೆ. ಇಷ್ಟ ಇಲ್ದಿದ್ರೆ ಹೊರಗೆ ಮರದ ಕೆಳಗೆ ಕೂರ್ಲಿ.”

ಇದನ್ನು ಎಷ್ಟು ತೊಳೆದರೂ ಬಣ್ಣ ಬಿಡುವಂತಿರಲಿಲ್ಲ. ಅವಳು ನೇರವಾಗಿ ಅಯ್ಯನವರ ಜಗಲಿಗೆ ಹೋದಳು. ಅಯ್ಯನವರು ಎಲ್ಲ ಕೇಳಿ ಗಡ್ಡ ಸವರಿಕೊಂಡರು.

“ನಿಮ್ಮಣ್ಣಂಗೆ ಹೀಗೆ ಹೇಳಿ: ಹಬ್ಬದ ದಿನ ಸಾಹೇಬ್ರಿಂದ ಹಿಡ್ದು ಎಲ್ರೂ ಬೂಟು ಹೊರಗೆ ಬಿಟ್ಟೇ ಬರ್ತಾರೆ, ಸತ್ಯಶೀಲ ಅವ್ರು ಮಾತು ಕೊಟ್ಟಿದ್ದಾರೆ ಅಂತ. ಸತ್ಯಶೀಲ ಅವ್ರಿಗೆ ಹೀಗೆ ಹೇಳಿ: ಬೆಂಚು ಮುಂದಕ್ಕೆ ಹಾಕೋಕೆ ನಲ್ಲಪ್ಪ ಒಪ್ಕೊಂಡ ಅಂತ.”

“ಇದು ಖಾರ ತೆಗೆಯೋದಲ್ಲ ಅಯ್ಯನವ್ರೇ. ಹೊಸ್ದಾಗಿ ಅಡಿಗೇನೇ ಮಾಡೋದು.”

“ಸಾಹೇಬ್ರ ಮುಂದೆ ಯಾರೂ ಜಗಳ ತೆಗೆಯಲ್ಲ ಅಮ್ಮಾ. ಆ ಒಂದು ಬೆಳಗ್ಗೆ ಕಳೆದ್ರೆ ಆಯ್ತು. ನಾನಿದ್ದೀನಲ್ಲ? ಹೊಣೆ ನನ್ನದು ಅಂತ ಅವತ್ತೇ ಹೇಳಿದ್ದೀನಿ.”

ಸುತ್ತು ಎಣಿಸುವ ಮನಸ್ಸಿಗೆ ಅನುಮಾನ ಬಂದರೂ ಅಯ್ಯನವರ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಹೇಳಿದಂತೆಯೇ ಎರಡು ಕಡೆಯೂ ಹೇಳಿ ಬಂದಳು.

ಹಬ್ಬದ ಬೆಳಗ್ಗೆ ನಲ್ಲಪ್ಪ ಬಿಳಿ ಪಂಚೆಯುಟ್ಟು, ತಲೆಯ ಮೇಲೆ ದ್ರಾಕ್ಷಿ ಬುಟ್ಟಿ ಹೊತ್ತು ಬಂದ. ಒಳಗೆ ನೋಡಿದರೆ ಚಾಪೆಗಳು ಮೂಲೆಯಲ್ಲಿ ಸುತ್ತಿ ನಿಂತಿವೆ, ಎಂಟು ಬೆಂಚು ಪೀಠದವರೆಗೂ ಸಾಲಾಗಿ ಕೂತಿವೆ. ಆದರೂ ತಡೆದುಕೊಂಡ. ಬೂಟು ಬಿಚ್ಚುತ್ತಾರಲ್ಲ ಎಂದು ಬಾಗಿಲಲ್ಲಿ ನಿಂತು ಕಾದ. ಸತ್ಯಶೀಲರು ಸಾಹೇಬರನ್ನು ಕರೆದುಕೊಂಡು ಟಕಟಕ ಎಂದು ಬೂಟುಗಾಲಲ್ಲೇ ಒಳಗೆ ನಡೆದರು. ಹೋಗುವಾಗ ನಲ್ಲಪ್ಪನ ಭುಜ ತಟ್ಟಿ, “ಥ್ಯಾಂಕ್ಸ್ ನಲ್ಲಪ್ಪನೋರೇ, ಚಾಪೆ ತೆಗೆಯೋಕೆ ನೀವಾಗೇ ಒಪ್ಕೊಂಡ್ರಲ್ಲ, ದೊಡ್ಡ ಮನಸ್ಸು” ಎಂದರು.

“ಯಾವನ್ರೀ ಒಪ್ಕಂಡೋನು?” ಎಂದ ನಲ್ಲಪ್ಪ. “ಬೂಟು ಬಿಚ್ತೀನಿ ಅಂತ ಮಾತು ಕೊಟ್ಟೋರು ನೀವಲ್ವಾ?”

“ನಾನಾ? ಯಾವಾಗ?”

ಬುಟ್ಟಿ ಕೆಳಗೆ ಬಿತ್ತು. ದ್ರಾಕ್ಷಿ ಬೆಂಚುಗಳ ಕೆಳಗೆಲ್ಲ ಉರುಳಿತು. ಸಾಹೇಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ದಾರಿ ಹಿಡಿದರು. ಕೂಗಾಟದ ನಡುವೆ ಇಬ್ಬರ ಬಾಯಿಂದಲೂ ಒಂದೇ ಮಾತು ಹೊರಟಿತು: “ಜೀವರತ್ನಮ್ಮ ಹೇಳಿದ್ಲು.” ಇಬ್ಬರೂ ತಿರುಗಿ ಅವಳತ್ತ ನೋಡಿದರು.

ಮುಂದಿನ ಭಾನುವಾರ ಆರಾಧನೆಯಾದ ಮೇಲೆ ಸಭೆ ಕೂತಿತು. ಒಂದು ವರ್ಷದ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡಿದರು. “ಹಿರೀಕರನ್ನ ನೋಡಿ ನಿಮ್ಮಪ್ಪನ ನೆಪ್ಪಾಯ್ತು ಅಂದಿದ್ರಾ?” “ಇಲ್ಲಪ್ಪ. ಮಂಡಿ ನೋವಿನೋರಿಗೆ ಬೆಂಚು ಇರ್ಲಿ ಅಂದಿದ್ರಾ ನೀವು?” “ನಾನ್ಯಾಕನ್ಲಿ!” ಒಂದೊಂದು ಮಾತು ಸುಳ್ಳೆಂದು ಗೊತ್ತಾದ ಹಾಗೆಲ್ಲ ಇಬ್ಬರು ಗಂಡಸರೂ ಇನ್ನಷ್ಟು ಹತ್ತಿರ ಸರಿದರು. ಅವರು ಒಬ್ಬರಿಗೊಬ್ಬರು ನಿಜವಾಗಿ ಆಡಿದ್ದೇನು ಎಂಬುದನ್ನು ಮಾತ್ರ ಇಬ್ಬರಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕಾಲು ಮುರಿಯುವ ಮಾತು, ಸಗಣಿ ಕಾಲಿನ ಮಾತು ಎರಡೂ ಅವಳ ಹೊಟ್ಟೆಯಲ್ಲೇ ಉಳಿದವು.

“ಹೌದು, ಮಾತು ಬದ್ಲಾಯಿಸಿದೆ” ಎಂದು ಜೀವರತ್ನಮ್ಮ ಎದ್ದು ನಿಂತು ಒಪ್ಪಿಕೊಂಡಳು. “ಸಂಘ ಒಡೀಬಾರ್ದು ಅಂತ ಮಾಡಿದೆ.”

“ನಿಮಗ್ಯಾರು ಹೇಳಿದ್ರು ಹೀಗೆ ಮಾಡೋಕೆ?” ಸತ್ಯಶೀಲರು ಕೇಳಿದರು.

ಅವಳು ಅಯ್ಯನವರ ಕಡೆ ನೋಡಿದಳು. ತಾನು ಹೇಳುವುದು ಬೇಡ, ಅವರೇ ಹೇಳುತ್ತಾರೆ ಎಂದು ಅವಳಿಗೆ ಗಟ್ಟಿ ನಂಬಿಕೆ. ಹೊಣೆ ನನ್ನದು ಎಂದವರಲ್ಲವೇ? ಸುತ್ತು ಮುಗಿಯಲಿ ಎಂದು ಕಾಯುವ ಅದೇ ತಾಳ್ಮೆಯಲ್ಲಿ ಕಾದಳು. ಅಯ್ಯನವರು ಬೈಬಲ್ಲಿನ ಪುಟ ಗುರುತಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು.

“ಅಯ್ಯನವ್ರೇ…” ಎಂದಳು.

ಅಯ್ಯನವರು ಕೈಯೆತ್ತಿದರು. “ಜೀವರತ್ನಮ್ಮನವರು ಒಳ್ಳೇ ಉದ್ದೇಶದಿಂದಲೇ ಮಾಡಿರಬಹುದು. ಆದರೂ ಸುಳ್ಳು ಸುಳ್ಳೇ. ಯಾರು ಹೇಳಿದರು, ಯಾಕೆ ಹೇಳಿದರು ಅಂತ ಕೆದಕುತ್ತಾ ಹೋದರೆ ಮತ್ತೆ ಬೇಡದ ವಾದ ಬೆಳೆಯುತ್ತೆ. ದೇವರು ಈ ದಿನ ಇಬ್ಬರು ಸಹೋದರರನ್ನ ಒಂದು ಮಾಡಿದ್ದಾನೆ. ಅದಕ್ಕೆ ಸ್ತೋತ್ರ ಹೇಳೋಣ.”

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಕತೆಯ ಕೋತಿಯಾದರೂ ಒರೆಸಿ ಓಡಿಹೋಯಿತು. ಇಲ್ಲಿ ಅದು ಎದ್ದು ನಿಂತು ಪ್ರಾರ್ಥನೆ ಮಾಡಿತು.

ಕೂಗಿ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ಅರ್ಧ ಜನ ಅಯ್ಯನವರ ಕಡೆ, ಅರ್ಧ ಜನ ಅವರ ವಿರುದ್ಧ, ಗ್ಯಾರೇಜಿಗೆ ಮತ್ತೆ ಬಾಡಿಗೆ ಮಾತು. ಒಂದು ವರ್ಷ ನಡೆದು ನಡೆದು ಕಾಲು ಸವೆಸಿದ್ದು ಇದಕ್ಕೇ ಏನು? ಅವಳು ನುಂಗಿಕೊಂಡಳು. ನಲ್ಲಪ್ಪ ಅವಳ ಮುಖವನ್ನೂ ನೋಡದೆ, “ಒಡುಟ್ಟಿದ ತಂಗಿ ಇಂಗ್ ಮಾಡ್ತಾಳೆ ಅಂತ ಕನಸ್ನಾಗೂ ಅಂದ್ಕಂಡಿರ್ಲಿಲ್ಲ” ಎಂದು ಸತ್ಯಶೀಲರ ಕೈ ಹಿಡಿದುಕೊಂಡ. ರೊಟ್ಟಿ, ರಸದ ಕೆಲಸ ಇನ್ನು ಮುಂದೆ ಸತ್ಯಶೀಲರ ಹೆಂಡತಿಗೆ ಎಂದು ತೀರ್ಮಾನವಾಯಿತು. ಚಾಪೆಯೂ ಇರಲಿ, ಬೆಂಚೂ ಇರಲಿ, ಬೂಟು ಮಾತ್ರ ಬಾಗಿಲಲ್ಲಿ ಬಿಡುವುದು ಎಂದು ಐದೇ ನಿಮಿಷದಲ್ಲಿ ಒಪ್ಪಂದವೂ ಆಯಿತು. ಐದು ನಿಮಿಷದ ಕೆಲಸ ಅದು! ಒಂದೂವರೆ ವರ್ಷ ತೆಗೆದುಕೊಂಡಿದ್ದರು.

ಮಂಗಳವಾರ ಸಂಜೆ ಅಯ್ಯನವರು ಅವಳ ಮನೆಗೆ ಬಂದರು. ಕರುಣಪ್ಪ ಡ್ಯೂಟಿಗೆ ಹೊರಟಿದ್ದವನು ಅವರನ್ನು ನೋಡಿ ಮುಖ ತಿರುಗಿಸಿ ಸೈಕಲ್ ಹತ್ತಿದ. ಅಯ್ಯನವರು ಕುರ್ಚಿಯ ಅಂಚಿನಲ್ಲಿ ಕೂತು, ಕೊಟ್ಟ ಕಾಫಿಯನ್ನು ಕುಡಿದರು.

“ಸಂಘ ಉಳೀತು ಅಮ್ಮಾ. ನಿಮ್ಮಿಂದಲೇ ಉಳೀತು. ಅದು ನನಗೆ ಗೊತ್ತು, ದೇವರಿಗೆ ಗೊತ್ತು.”

“ನಮ್ಮಣ್ಣಂಗೆ ಗೊತ್ತಿಲ್ವಲ್ಲ ಅಯ್ಯನವ್ರೇ. ನೀವು ಹೊಣೆ ನನ್ನದು ಅಂದಿದ್ರಿ.”

“ಅಂದಿದ್ದೆ. ಇಲ್ಲ ಅನ್ನಲ್ಲ. ಆದ್ರೆ ಅವತ್ತು ನಾನು ಬಾಯಿ ಬಿಟ್ಟಿದ್ರೆ ಎಲ್ಲಾ ಕೆಡ್ತಿತ್ತು. ಸ್ವಲ್ಪ ಸಮಯ ಹೋಗಲಿ, ನಾನೇ ಎಲ್ಲರ ಮುಂದೆ ಹೇಳ್ತೀನಿ.”

“ಹೇಳ್ತೀರಾ?”

“ಖಂಡಿತ ಹೇಳ್ತೀನಿ.”

ಅವಳು ಅದನ್ನೂ ನಂಬಿದಳು. ನಂಬಿದ್ದಕ್ಕೆ ಆಮೇಲೆ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಆದರೆ ಆ ಸಂಜೆ ಕಾಫಿ ಲೋಟ ತೊಳೆಯುವಾಗ ಎದೆಯ ಭಾರ ಇಳಿದಿತ್ತು.

ಡಿಸೆಂಬರ್ ಮೊದಲ ಭಾನುವಾರ ಕರ್ತನ ಭೋಜನ. ಜೀವರತ್ನಮ್ಮ ಬರಿಗೈಯಲ್ಲಿ ಹೋದಳು. ಪೀಠದ ಮೇಲೆ ಬೇರೆಯವರ ತಟ್ಟೆಯಲ್ಲಿ ಬೇರೆಯವರ ರೊಟ್ಟಿ. ಸೀದು ಅಂಚು ಕಪ್ಪಾಗಿತ್ತು. ನೋಡಿ ಕಣ್ಣು ತುಂಬಿತು. ಅಯ್ಯನವರು ಈ ದಿನ ಹೇಳುತ್ತಾರೆ ಎಂದುಕೊಂಡು ಹೆಂಗಸರ ಕಡೆ ಚಾಪೆಯ ಮೇಲೆ ಕೂತಳು. ಅಯ್ಯನವರು ಪ್ರಸಂಗಕ್ಕೆ ನಿಂತರು. ನಾಲಿಗೆ ಎಂಬುದು ಚಿಕ್ಕ ಅಂಗ, ಆದರೆ ಎಷ್ಟು ದೊಡ್ಡ ಕಾಡಿಗೆ ಬೆಂಕಿ ಹಚ್ಚುತ್ತದೆ ಎಂದು ಶುರು ಮಾಡಿ, ಮನೆಯಿಂದ ಮನೆಗೆ ಮಾತು ಹೊರುವ ಸ್ತ್ರೀಯರ ವಿಷಯಕ್ಕೆ ಬಂದು, ಅರ್ಧ ಗಂಟೆ ಅಲ್ಲೇ ನಿಂತರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರೂ ತಿರುತಿರುಗಿ ಅವಳನ್ನೇ ನೋಡುತ್ತಿದ್ದರು. ಜೀವರತ್ನಮ್ಮ ತಲೆ ತಗ್ಗಿಸಲಿಲ್ಲ. ಅಯ್ಯನವರ ಮುಖವನ್ನೇ ನೋಡುತ್ತ ಕೂತಳು. ಅವರು ಅರ್ಧ ಗಂಟೆಯಲ್ಲಿ ಒಮ್ಮೆಯೂ ಈ ಕಡೆ ನೋಡಲಿಲ್ಲ. ಆಗ ಅವಳಿಗೆ ಚೆನ್ನಾಗಿ ಅರ್ಥವಾಯಿತು, ಈ ಮನುಷ್ಯ ಎಂದೂ ಹೇಳುವವನಲ್ಲ.

ಪ್ರಸಂಗ ಮುಗಿಯಿತು. “ಯಾರಿಗಾದರೂ ಯಾರ ಮೇಲಾದರೂ ಮನಸ್ತಾಪವಿದ್ದರೆ ಎದ್ದು ಹೋಗಿ” ಎಂದರು ಅಯ್ಯನವರು.

ಜೀವರತ್ನಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು, ಚಾಪೆಗಳ ನಡುವೆ ನಡೆದು, ಬಾಗಿಲು ದಾಟಿ, ಹೊಂಗೆ ಮರದ ಕೆಳಗೆ ಹೋಗಿ ನಿಂತಳು.

ಒಳಗೆ ಗುಸುಗುಸು ಎದ್ದಿತು. ನಲ್ಲಪ್ಪ ಬಂದ. ಎಷ್ಟಾದರೂ ಅಣ್ಣ, ಕಣ್ಣು ಒದ್ದೆಯಾಗಿತ್ತು. “ಓಗ್ಲಿ ಬುಡು ರತ್ನಿ, ಆದದ್ದಾಯ್ತು” ಎಂದು ಅವಳ ಕೈ ಮುಟ್ಟಿ ಒಳಗೆ ಹೋದ. ಅವನ ಹಿಂದೆಯೇ ಸತ್ಯಶೀಲರು ಬಂದು, ಬೆರಳ ತುದಿಯಲ್ಲಿ ಮುಟ್ಟಿ, “ಕ್ಷಮಿಸಿದ್ದೀನಿ ಕಣಮ್ಮ” ಎಂದು ಹೋದರು. ಕ್ಷಮಿಸಲು ಇವರು ಯಾರು ಎಂದು ಕೇಳುವ ಮನಸ್ಸಾಯಿತು. ಆದರೆ ಅವಳ ಜಗಳ ಅವರ ಜೊತೆಯಲ್ಲ.

ಇಬ್ಬರೂ ಒಳಗೆ ಹೋಗಿ ಕೂತರು. ಜೀವರತ್ನಮ್ಮ ಮರದ ಕೆಳಗೇ ನಿಂತಿದ್ದಳು. ಕಿಟಕಿಯಲ್ಲಿ ಹೆಂಗಸರ ತಲೆಗಳು ಕಾಣಿಸಿಕೊಂಡವು. ಇನ್ನೂ ಯಾರು ಬಾಕಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವಳು ಬಾಗಿಲ ಮೂಲಕ ಪೀಠದ ಕಡೆಗೆ ನೋಡುತ್ತ ನಿಂತಳು. ಪದ್ಧತಿ ಪದ್ಧತಿಯೇ, ಆರಾಧನೆ ಮುಂದೆ ಸಾಗುವಂತಿಲ್ಲ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಕೊನೆಗೆ ಅಯ್ಯನವರು ಪೀಠ ಇಳಿದು, ಬಿಳಿ ನಿಲುವಂಗಿ ಎತ್ತಿ ಹಿಡಿದು, ಬಾಗಿಲವರೆಗೆ ಬಂದರು. ಹೊಸ್ತಿಲ ಮೇಲೆಯೇ ನಿಂತರು.

“ಒಳಗೆ ಬನ್ನಿ ಅಮ್ಮಾ” ಎಂದರು ಮೆಲ್ಲಗೆ.

“ನೀವು ಹೊರಗೆ ಬನ್ನಿ ಅಯ್ಯನವ್ರೇ” ಎಂದಳು ಅವಳೂ ಅಷ್ಟೇ ಮೆಲ್ಲಗೆ. “ನನಗೆ ನಿಮ್ಮ ಮೇಲೆ ಸಿಟ್ಟಿದೆ. ಸಿಟ್ಟಿಟ್ಕೊಂಡು ನಿಮ್ಮ ಕೈಯಿಂದ ರೊಟ್ಟಿ ತಗೊಳ್ಳೋಕಾಗಲ್ಲ. ನಾಲ್ಕು ಹೆಜ್ಜೆ ಬನ್ನಿ. ಏನೂ ಹೇಳ್ಬೇಡಿ. ಬಂದು ಕೈ ಮುಟ್ಟಿ, ಸಾಕು.”

ಅಯ್ಯನವರು ಮರ ನೋಡಿದರು. ತಿರುಗಿ ಒಳಗೆ ನೋಡಿದರು. ಚಾಪೆಯ ಮೇಲಿನವರು, ಬೆಂಚಿನ ಮೇಲಿನವರು ಎಲ್ಲರೂ ಕತ್ತು ಉದ್ದ ಮಾಡಿ ಅವರ ಕಾಲನ್ನೇ ನೋಡುತ್ತಿದ್ದರು. ಆ ನಾಲ್ಕು ಹೆಜ್ಜೆ ಇಟ್ಟರೆ ಅವಳ ಜಗಳ ಯಾರ ಜೊತೆ ಎಂದು ಇಡೀ ಸಭೆಗೆ ಗೊತ್ತಾಗುತ್ತಿತ್ತು. ಒಂದು ಕಾಲು ಹೊಸ್ತಿಲಿಂದ ಕೆಳಗೆ ಬಂತು. ಮತ್ತೆ ಮೇಲೆ ಹೋಯಿತು. ಅಯ್ಯನವರು ಒಳಗೆ ನಡೆದರು.

“ಏನಂದ್ಲು?” ನಲ್ಲಪ್ಪನ ಗಂಟಲು ಹೊರಗಿನವರೆಗೂ ಕೇಳಿಸಿತು.

ಅಯ್ಯನವರು ಪೀಠ ಹತ್ತಿ, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

“ತಾನು ಮಾಡಿದ ತಪ್ಪಿಗೆ ಈ ಭೋಜನಕ್ಕೆ ಯೋಗ್ಯಳಲ್ಲ, ತನ್ನನ್ನ ಬಿಟ್ಟು ನೀವು ತಗೊಳ್ಳಿ ಅಂದ್ರು. ಆ ಸಹೋದರಿಗಾಗಿ ಪ್ರಾರ್ಥಿಸೋಣ.”

ಹೊಂಗೆ ಮರದ ಕೆಳಗೆ ನಿಂತ ಜೀವರತ್ನಮ್ಮನಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಒಳಗೆ ಹೆಂಗಸೊಬ್ಬಳು ಬಿಕ್ಕಿದಳು. ಆಮೇಲೆ ಚಾಪೆಯವರೂ ಬೆಂಚಿನವರೂ ಒಂದೇ ದನಿಯಲ್ಲಿ ಆಮೆನ್ ಎಂದರು.